ನಿಲ್ಲಲು ಇನ್ನೊಬ್ಬರು ಬೇಕು: 1527ರ ವಿಟೆನ್‌ಬರ್ಗ್ ಮತ್ತು ಶೋಧನೆಯ ಕಾಲದ ನಂಬಿಕೆ



ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ 1868ರಲ್ಲಿ ಸ್ಥಾಪಿಸಿದ ದೊಡ್ಡ ಸ್ಮಾರಕವೊಂದಿದೆ. ಅದರ ನಡುವಿನ ಎತ್ತರದ ಪೀಠದ ಮೇಲೆ ಮಾರ್ಟಿನ್ ಲೂಥರ್ ಬೈಬಲ್ ಹಿಡಿದು, ತಲೆಯೆತ್ತಿ ನಿಂತಿದ್ದಾರೆ. 1521ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಎದುರು, ಬರೆದದ್ದನ್ನು ಹಿಂತೆಗೆದುಕೊಳ್ಳಲಾರೆ ಎಂದು ಅವರು ಹೇಳಿದ್ದರ ನೆನಪು ಅದು. ನಂಬಿಕೆಯಲ್ಲಿ ದೃಢವಾಗಿ ನಿಲ್ಲುವುದು ಎಂದಾಗ ನಮ್ಮಲ್ಲಿ ಬಹುಪಾಲು ಜನರ ಕಣ್ಣಿಗೆ ಕಟ್ಟುವುದು ಇಂಥ ಚಿತ್ರವೇ: ಎದುರಿಗೆ ಅರಸರು, ಹಿಂದೆ ಯಾರೂ ಇಲ್ಲ, ಒಬ್ಬ ಮನುಷ್ಯ ಕಂಬದ ಹಾಗೆ ನೆಟ್ಟಗೆ ನಿಂತಿದ್ದಾನೆ.

ಸುಧಾರಣೆಯ ಭಾನುವಾರ ಬಂದಾಗಲೆಲ್ಲ ಈ ಪ್ರಸಂಗವನ್ನು ನಾವು ಕೇಳುತ್ತೇವೆ, ಕೇಳಬೇಕಾದದ್ದೇ. ಆದರೆ ಈ ಸಂಜೆ ನಿಮ್ಮನ್ನು ಅಲ್ಲಿಂದ ಆರು ವರ್ಷ ಮುಂದಕ್ಕೆ, ವಿಟೆನ್‌ಬರ್ಗಿನ ಒಂದು ಮನೆಗೆ ಕರೆದೊಯ್ಯಬೇಕೆಂದಿದ್ದೇನೆ. 1527ರ ಜುಲೈ 6, ಶನಿವಾರ ಸಂಜೆ. ಅದೇ ಲೂಥರ್, ಆಗ 43 ವರ್ಷದವರು, ತಮ್ಮ ಮಲಗುವ ಕೋಣೆಯ ಬಾಗಿಲ ಹತ್ತಿರ ಕುಸಿದರು. ನೀರು ಬೇಕು, ಇಲ್ಲವಾದರೆ ಜೀವ ಹೋಗುತ್ತದೆ ಎಂದು ಗೆಳೆಯನನ್ನು ಕೂಗಿದರು. ಆತ್ಮಿಕ ಹೋರಾಟದಲ್ಲಿ ಕ್ರೈಸ್ತನೊಬ್ಬ ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ವೋರ್ಮ್ಸಿನ ಪೀಠಕ್ಕಿಂತ ಈ ಬಾಗಿಲ ಹತ್ತಿರ ಹೆಚ್ಚು ಹೊತ್ತು ಕಳೆಯಬೇಕು ಎಂಬುದು ನನ್ನ ನಂಬುಗೆ.

ಆ ದಿನ ಏನಾಯಿತೆಂದು ನಮಗೆ ಚೆನ್ನಾಗಿ ಗೊತ್ತಿರುವುದಕ್ಕೆ ಕಾರಣ ಇಬ್ಬರು ಗೆಳೆಯರು. ಒಬ್ಬರು ಯೋಹಾನ್ನೆಸ್ ಬುಗೆನ್‌ಹಾಗೆನ್, ಊರಿನ ದೇವಾಲಯದ ಸಭಾಪಾಲಕರು. ಇನ್ನೊಬ್ಬರು ಯುಸ್ಟುಸ್ ಯೋನಾಸ್, ವಿಶ್ವವಿದ್ಯಾಲಯದ ಅಧ್ಯಾಪಕರು. ಕಂಡದ್ದನ್ನು ಇಬ್ಬರೂ ಬರೆದಿಟ್ಟರು. ಬೆಳಿಗ್ಗೆಯೇ ಲೂಥರರ ಮನಸ್ಸಿನ ಮೇಲೆ ಭಯಂಕರವಾದ ಕತ್ತಲೆ ಕವಿದಿತ್ತು. ಅವರು ಬುಗೆನ್‌ಹಾಗೆನ್‌ರನ್ನು ಕರೆಸಿದರು, ಪಾಪನಿವೇದನೆ ಮಾಡಿದರು, ಕ್ಷಮೆಯ ಮಾತನ್ನು ಅವರ ಬಾಯಿಂದ ಕೇಳಿದರು, ಮರುದಿನ ಕರ್ತನ ಭೋಜನದಲ್ಲಿ ಸೇರಬೇಕೆಂದರು. ಮಧ್ಯಾಹ್ನ ಕೆಲವು ಗಣ್ಯರ ಜೊತೆ ಊಟಕ್ಕೆ ಹೋಗಬೇಕಿತ್ತು, ಹೋದರು. ಆಮೇಲೆ ಯೋನಾಸರ ತೋಟದಲ್ಲಿ ಕೂತು ಮನಸ್ಸಿನ ಭಾರವನ್ನು ಹೇಳಿಕೊಂಡರು, ರಾತ್ರಿಯ ಊಟಕ್ಕೆ ಯೋನಾಸ್ ದಂಪತಿಗಳನ್ನು ಮನೆಗೆ ಕರೆದರು. ಸಂಜೆ ಎಡಗಿವಿಯಲ್ಲಿ ಜೋರಾದ ಮೊರೆತ ಶುರುವಾಯಿತು. ಸ್ವಲ್ಪ ಮಲಗುತ್ತೇನೆಂದು ಎದ್ದವರು ಬಾಗಿಲು ದಾಟುವಷ್ಟರಲ್ಲಿ ಬಿದ್ದರು. ಯೋನಾಸ್ ತಣ್ಣೀರು ಸುರಿದರು. ವೈದ್ಯ ಆಗಸ್ಟಿನ್ ಶೂರ್ಫ್ ಬಂದು ಬಿಸಿ ಶಾಖ ಕೊಡಿಸಿದರು. ಲೂಥರ್ ಗಟ್ಟಿಯಾಗಿ ಪ್ರಾರ್ಥಿಸಿದರು, ಹೆಂಡತಿ ಕ್ಯಾಥರೀನಾಳನ್ನೂ ಒಂದು ವರ್ಷದ ಮಗ ಹಾನ್ಸ್‌ನನ್ನೂ ದೇವರ ಕೈಗೆ ಒಪ್ಪಿಸಿದರು.

ದೇಹ ಚೇತರಿಸಿಕೊಂಡಿತು. ಮರುದಿನ ಅವರು ಯೋನಾಸರಿಗೆ ಹೇಳಿದ ಮಾತಿನ ಸಾರ ಇದು: ಸಂಜೆಯ ದೇಹಸಂಕಟಕ್ಕಿಂತ ಬೆಳಗಿನ ಆತ್ಮಸಂಕಟವೇ ಹೆಚ್ಚು ಕಠಿಣವಾಗಿತ್ತು. ಆ ಬೆಳಗು ಒಂದೇ ದಿನಕ್ಕೆ ಮುಗಿಯಲಿಲ್ಲ. ಆಗಸ್ಟ್ 2ರಂದು ಗೆಳೆಯ ಮೆಲಾಂಕ್ತನ್‌ರಿಗೆ ಬರೆದ ಪತ್ರದಲ್ಲಿ, ಒಂದು ವಾರಕ್ಕೂ ಹೆಚ್ಚು ಕಾಲ ಮರಣದಲ್ಲೂ ನರಕದಲ್ಲೂ ಹೊರಳಾಡಿದ್ದಾಗಿ, ಮೈಯೆಲ್ಲ ನಡುಗುತ್ತಿರುವುದಾಗಿ, ಕ್ರಿಸ್ತನನ್ನೇ ಕಳೆದುಕೊಂಡಂತಾಗಿ ನಿರಾಶೆಯ ಅಲೆಗಳಲ್ಲಿ, ದೇವದೂಷಣೆಯ ಅಲೆಗಳಲ್ಲಿ ಎಸೆಯಲ್ಪಟ್ಟಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಬಂಧುಗಳೇ, ಇದನ್ನು ಬರೆದವರು ಹೊಸದಾಗಿ ಸಭೆಗೆ ಸೇರಿದವರಲ್ಲ. ಹೊಸ ಒಡಂಬಡಿಕೆಯನ್ನು ತಮ್ಮ ಜನರ ಭಾಷೆಗೆ ತಂದವರು, ವಿಶ್ವಾಸದಿಂದಲೇ ನೀತಿವಂತರಾಗುತ್ತೇವೆಂದು ಯೂರೋಪಿನ ಅರ್ಧಭಾಗಕ್ಕೆ ಸಾರಿದವರು. ಬಹಳ ತಿಳಿದವರಿಗೂ, ಬಹಳ ಸಾರಿದವರಿಗೂ ಇಂಥ ಗಳಿಗೆ ಬರುತ್ತದೆ. ಅದನ್ನು ಅವರು ಮುಚ್ಚಿಡಲಿಲ್ಲ, ಗೆಳೆಯನಿಗೆ ಬರೆದರು. ಅದೇ ಪತ್ರದಲ್ಲಿ, ಭಕ್ತರ ಪ್ರಾರ್ಥನೆಗಳ ನಿಮಿತ್ತ ದೇವರು ಕನಿಕರಿಸತೊಡಗಿದ್ದಾರೆ ಎಂದೂ ಇದೆ. ಬೇರೆಯವರ ಪ್ರಾರ್ಥನೆ ತನ್ನನ್ನು ಆಳದಿಂದ ಎಳೆಯುತ್ತಿದೆ ಎಂಬ ಆ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಆ ಹೊತ್ತಿಗೆ ಊರಿಗೆ ಪ್ಲೇಗ್ ಬಂದಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಕಾಲದ ಕಥೆಗಳನ್ನು, ಜನ ಊರು ಖಾಲಿಮಾಡಿ ಹೊಲದ ಗುಡಿಸಲುಗಳಲ್ಲಿ ದಿನ ದೂಡಿದ್ದನ್ನು ಹಿರಿಯರಿಂದ ಕೇಳಿರುವವರಿಗೆ ಆ ಭಯವನ್ನು ನಾನು ಬಣ್ಣಿಸಬೇಕಿಲ್ಲ. ವಿಶ್ವವಿದ್ಯಾಲಯ ಯೇನಾ ಪಟ್ಟಣಕ್ಕೆ ಸ್ಥಳಾಂತರವಾಯಿತು. ನೀವೂ ಅಲ್ಲಿಗೆ ಹೋಗಿ ಎಂದು ಸಾಕ್ಸನಿಯ ದೊರೆ ಯೋಹಾನ್ ಆಗಸ್ಟ್ 10ರಂದು ಲೂಥರರಿಗೆ ಆಜ್ಞೆ ಕಳಿಸಿದರು. ಲೂಥರ್ ಹೋಗಲಿಲ್ಲ. ಬುಗೆನ್‌ಹಾಗೆನ್ ಕೂಡ ಉಳಿದರು. ನಗರಾಧ್ಯಕ್ಷನ ಹೆಂಡತಿ ಬಹುಮಟ್ಟಿಗೆ ಲೂಥರರ ತೋಳುಗಳಲ್ಲೇ ಪ್ರಾಣಬಿಟ್ಟಳು. ಅವರ ಮನೆ ರೋಗಿಗಳ ಆಶ್ರಯವಾಯಿತು. ವೈದ್ಯ ಶೂರ್ಫ್‌ರ ಹೆಂಡತಿ ಅಲ್ಲೇ ಮಲಗಿದ್ದಳು. ಮಗು ಹಾನ್ಸ್ ಅನ್ನ ಬಿಟ್ಟಿತ್ತು. ಕ್ಯಾಥರೀನಾ ತುಂಬು ಗರ್ಭಿಣಿ. ನವೆಂಬರ್ ಆರಂಭದಲ್ಲಿ ಬುಗೆನ್‌ಹಾಗೆನ್‌ರ ತಂಗಿ, ಗೇಯೋರ್ಗ್ ರೋರರ್ ಎಂಬ ಸಹಸಭಾಪಾಲಕರ ಹೆಂಡತಿ, ಸತ್ತ ಮಗುವನ್ನು ಹೆತ್ತು ತಾನೂ ಪ್ಲೇಗಿಗೆ ಬಲಿಯಾದಳು. ಬುಗೆನ್‌ಹಾಗೆನ್ ಕುಟುಂಬ ಸಮೇತ ಲೂಥರರ ಮನೆಗೇ ಬಂದು ನೆಲಸಿದರು.

ಪ್ಲೇಗಿನ ಆ ದಿನಗಳಲ್ಲೇ, ಆಗಸ್ಟ್ 16ರಂದು ಬವೇರಿಯದ ಶೇರ್ಡಿಂಗ್‌ನಲ್ಲಿ ಲಿಯೋನ್‌ಹಾರ್ಟ್ ಕೈಸರ್ ಎಂಬ ಪಾದ್ರಿಯನ್ನು ಜೀವಂತ ಸುಟ್ಟರು. ವಿಟೆನ್‌ಬರ್ಗಿನಲ್ಲಿ ಓದಿದವರು, ಸಾಯುತ್ತಿದ್ದ ತಂದೆಯನ್ನು ನೋಡಲು ಊರಿಗೆ ಹೋದಾಗ ಸೆರೆಸಿಕ್ಕರು. ಸೆರೆಯಲ್ಲಿದ್ದಾಗ ಅವರಿಗೆ ಧೈರ್ಯ ಹೇಳಿ ಪತ್ರ ಬರೆದದ್ದು ಲೂಥರರೇ. ಈಗ ಸುದ್ದಿ ಕೇಳಿದಾಗ ಅವರನ್ನು ಕಾಡಿದ್ದು ನಾಚಿಕೆ: ತಾನು ಬರೀ ಮಾತಿನ ಬೋಧಕ, ಅವನೋ ಮಾತನ್ನು ಮೈಯಿಂದ ನಡೆಸಿಕೊಟ್ಟವನು, ಅವನ ಆತ್ಮಬಲದಲ್ಲಿ ಅರ್ಧವಾದರೂ ತನಗೆ ಸಿಕ್ಕಿದ್ದರೆ ಎಂಬ ಭಾವ. ಪೀಠದ ಮೇಲಿನ ಮೂರ್ತಿಯಲ್ಲಿ ಈ ಮುಖ ಕಾಣುವುದಿಲ್ಲ.

ನವೆಂಬರ್ 1ರಂದು ಆಮ್ಸ್‌ಡೋರ್ಫ್ ಎಂಬ ಗೆಳೆಯನಿಗೆ ಬರೆದ ಪತ್ರ ನನಗೆ ಬಹಳ ಪ್ರಿಯ. ಮನೆ ಆಸ್ಪತ್ರೆಯಾಗಿದೆ ಎನ್ನುತ್ತಾರೆ, ಯಾರು ಯಾರಿಗೆ ಕಾಯಿಲೆ ಎಂದು ಒಬ್ಬೊಬ್ಬರ ಹೆಸರು ಹಿಡಿದು ಬರೆಯುತ್ತಾರೆ, ಹೊರಗೆ ಕಾದಾಟ ಒಳಗೆ ಭೀತಿ ಎಂದು ಪೌಲನ ಧಾಟಿಯಲ್ಲಿ ನೊಂದುಕೊಳ್ಳುತ್ತಾರೆ. ಕೊನೆಗೆ ತಾರೀಕು ಹಾಕುವಾಗ, ಪಾಪವಿಮೋಚನೆಯ ಪತ್ರಗಳ ವ್ಯಾಪಾರವನ್ನು ತುಳಿದು ಹತ್ತು ವರ್ಷವಾಯಿತು, ಆ ನೆನಪಿಗೆ ಈ ಹೊತ್ತು ಪಾನ ಮಾಡುತ್ತಿದ್ದೇವೆ ಎಂದು ಸೇರಿಸುತ್ತಾರೆ. ರೋಗಿಗಳಿಂದ ತುಂಬಿದ ಮನೆ, ಹೆರಿಗೆ ಹತ್ತಿರವಾದ ಹೆಂಡತಿ, ಒಳಗೆ ಇನ್ನೂ ಬಿಡದ ಕತ್ತಲೆ, ಆದರೂ ದೇವರು ಮಾಡಿದ್ದನ್ನು ನೆನೆಯಲು ಒಂದು ಬಟ್ಟಲು. ಇದು ಗೆದ್ದವರ ಉತ್ಸಾಹವಲ್ಲ. ಗೆಲುವು ಕಾಣದಿರುವಾಗಲೂ ಕೃತಜ್ಞತೆಯ ಲೆಕ್ಕವನ್ನು ಬಿಡದಿರುವ ಒಂದು ಅಭ್ಯಾಸ, ಮತ್ತು ಅದಕ್ಕೂ ಅವರಿಗೆ ಜೊತೆಗಾರರು ಇದ್ದರು.

ಅದೇ ತಿಂಗಳಲ್ಲಿ ಒಂದು ಸಣ್ಣ ಪುಸ್ತಕ ಅಚ್ಚಾಯಿತು. ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲೌ ನಗರದ ಸಭಾಪಾಲಕ ಯೋಹಾನ್ ಹೆಸ್ ಮತ್ತು ಜೊತೆಗಾರರು ಕೇಳಿದ್ದರು: ಮಾರಕ ಪಿಡುಗು ಬಂದಾಗ ಕ್ರೈಸ್ತನು ಓಡಿಹೋಗಬಹುದೇ? ಲೂಥರರ ಉತ್ತರ ಎಷ್ಟು ಸಮಾಧಾನದ್ದು ನೋಡಿ. ಬಲವಾದ ನಂಬಿಕೆಯುಳ್ಳವರು ಉಳಿಯಲಿ, ಆದರೆ ಬಲಹೀನರು ಹೋದರೆ ಅವರನ್ನು ಖಂಡಿಸಬೇಡಿ. ಯಾರ ಮೇಲೆ ಇತರರ ಹೊಣೆಯಿದೆಯೋ ಅವರು, ಎಂದರೆ ಸಭಾಪಾಲಕರು, ಊರಿನ ಅಧಿಕಾರಿಗಳು, ತಂದೆತಾಯಿಗಳು, ಬೇರೆ ಏರ್ಪಾಡು ಮಾಡದೆ ಬಿಟ್ಟುಹೋಗಬಾರದು. ಔಷಧ ತೆಗೆದುಕೊಳ್ಳಿ, ಮನೆಗೆ ಧೂಪ ಹಾಕಿ, ನಿಮ್ಮ ಅಗತ್ಯವಿಲ್ಲದ ಕಡೆ ಸುಳಿಯಬೇಡಿ. ದೇವರು ಕಾಪಾಡುತ್ತಾನೆಂದು ಔಷಧವನ್ನೂ ಎಚ್ಚರವನ್ನೂ ಧಿಕ್ಕರಿಸುವವರು ನಂಬಿಗಸ್ತರಲ್ಲ, ಅವರು ದೇವರನ್ನು ಪರೀಕ್ಷಿಸುವವರು. ಸ್ಮಶಾನ ಊರ ಹೊರಗಿರಲಿ ಎಂಬವರೆಗೂ ಅವರು ಬರೆಯುತ್ತಾರೆ. ಕೊರೋನಾ ಕಾಲದಲ್ಲಿ ಪ್ರಾರ್ಥನೆಯೊಂದೇ ಸಾಕು, ಲಸಿಕೆ ಬೇಡ ಎಂಬ ಮಾತು ಕೆಲವು ಕೂಟಗಳಲ್ಲಿ ಕೇಳಿಬಂದಾಗ ನನಗೆ ಈ ಪುಸ್ತಕದ ನೆನಪಾಗಿ ಸಂಕಟವಾಗುತ್ತಿತ್ತು. ಸುಮಾರು 500 ವರ್ಷಗಳ ಹಿಂದೆಯೇ ಉತ್ತರ ದೊರೆತ ಪ್ರಶ್ನೆಗೆ ನಾವು ಎಷ್ಟೋ ಜೀವಗಳನ್ನು ತೆತ್ತೆವು.

ಈ ಪುಸ್ತಕದ ನಡುಭಾಗದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ ಮಾತಿದೆ. ರೋಗಿಯ ಹತ್ತಿರ ಹೋಗಲು ಮನಸ್ಸು ಹೇಸಿದಾಗ, ಭಯ ಹಿಡಿದಾಗ, ಅದು ಸೈತಾನನ ಕೆಲಸವೆಂದು ತಿಳಿ, ಅವನಿಗೆ ಬೆನ್ನು ಕೊಟ್ಟು ನೆರೆಯವನ ಕಡೆ ನಡೆ, ಅಲ್ಲಿ ಕ್ರಿಸ್ತನೇ ಮಲಗಿದ್ದಾನೆ ಎಂದು ಅವರು ಹೇಳುತ್ತಾರೆ. ಇದನ್ನು ಬರೆದ ವಾರಗಳಲ್ಲಿ ಬರೆದವರ ಹೃದಯವೇ ಕ್ರಿಸ್ತನು ಎಲ್ಲಿ ಎಂದು ಕೇಳುತ್ತಿತ್ತು ಎಂಬುದನ್ನು ಜೋಡಿಸಿ ಓದಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಪ್ರಾರ್ಥನೆಯ ಕೋಣೆಯಲ್ಲಿ ಕಾಣದವನು ರೋಗಿಯ ಹಾಸಿಗೆಯಲ್ಲಿ ಇದ್ದಾನೆಂದು ವಚನ ಹೇಳುತ್ತದೆ, ಆದ್ದರಿಂದ ಅವರು ಅಲ್ಲಿಗೆ ಹೋದರು. ಅನುಭವ ಕೈಕೊಟ್ಟಾಗ ಅವರು ಅನುಭವದ ಜೊತೆ ಗುದ್ದಾಡುತ್ತ ಕೂರಲಿಲ್ಲ. ಪಕ್ಕದ ಕೋಣೆಯಲ್ಲಿ ಶೂರ್ಫ್‌ರ ಹೆಂಡತಿ ಮಲಗಿದ್ದಳು, ಅವಳನ್ನು ನೋಡಿಕೊಳ್ಳುವ ಕೆಲಸವಿತ್ತು.

ಇಲ್ಲಿಗೆ ಕೇಳಬಹುದು: ಒಳಗೆ ನಂಬಿಕೆಯ ಬೆಚ್ಚಗಿನ ಭಾವನೆಯೇ ಇಲ್ಲದವನನ್ನು ನಂಬಿಕೆಯಲ್ಲಿ ನಿಂತವನು ಎನ್ನುವುದು ಸರಿಯೇ? ಸರಿ ಎಂದೇ ನನ್ನ ಉತ್ತರ. ಲೂಥರರ ಬೋಧನೆಯ ತಿರುಳೇ ಅಲ್ಲಿದೆ. ನನ್ನ ರಕ್ಷಣೆಗೆ ಆಧಾರ ನನ್ನೊಳಗಿಲ್ಲ, ನನ್ನ ಹೊರಗಿದೆ. ನನ್ನ ನಂಬಿಕೆ ಎಷ್ಟು ಬಿಸಿಯಾಗಿದೆ ಎಂದು ದಿನವೂ ಮುಟ್ಟಿ ನೋಡಿಕೊಳ್ಳುವವನು ತನ್ನ ನಂಬಿಕೆಯನ್ನೇ ನಂಬುತ್ತಾನೆ, ಕ್ರಿಸ್ತನನ್ನಲ್ಲ. 1529ರಲ್ಲಿ ಅವರು ಬರೆದ ದೊಡ್ಡ ಉಪದೇಶ ಪುಸ್ತಕದಲ್ಲಿ, ಮನಸ್ಸಾಕ್ಷಿ ಚುಚ್ಚಿದಾಗ ದೀಕ್ಷಾಸ್ನಾನವನ್ನು ಮುಂದೆ ಹಿಡಿಯಬೇಕೆಂದು ಕಲಿಸುತ್ತಾರೆ. ದೀಕ್ಷಾಸ್ನಾನ ನನಗೆ ನಾನೇ ಮಾಡಿಕೊಂಡದ್ದಲ್ಲ. ಇನ್ನೊಬ್ಬರು ನೀರು ಹಾಕಿದರು, ಇನ್ನೊಬ್ಬರು ಹೆಸರು ಹೇಳಿದರು, ಸಭೆ ಸಾಕ್ಷಿಯಾಗಿ ನಿಂತಿತು. ನನ್ನ ಇಂದಿನ ಮನಃಸ್ಥಿತಿ ಅದನ್ನು ಅಳಿಸಲಾರದು. ಜುಲೈ 6ರ ಬೆಳಿಗ್ಗೆ ಬುಗೆನ್‌ಹಾಗೆನ್‌ರಿಂದ ಕ್ಷಮೆಯ ಮಾತನ್ನು ಕೇಳಿದ್ದೂ ಇದೇ ಕಾರಣಕ್ಕೆ. ಆ ಸುವಾರ್ತೆಯನ್ನು ಬುಗೆನ್‌ಹಾಗೆನ್‌ರಿಗಿಂತ ಚೆನ್ನಾಗಿ ವಿವರಿಸಬಲ್ಲವರು ಲೂಥರ್. ಆದರೂ ತನ್ನ ಬಾಯಿಂದ ತನಗೇ ಹೇಳಿಕೊಂಡರೆ ಸಾಲದು, ಬೇರೊಬ್ಬರ ಬಾಯಿಂದ ತನ್ನ ಕಿವಿಗೆ ಬೀಳಬೇಕು ಎಂದು ಅವರಿಗೆ ಗೊತ್ತಿತ್ತು. ಯುವ ಸನ್ಯಾಸಿಯಾಗಿದ್ದಾಗ ಹಿರಿಯರಾದ ಯೋಹಾನ್ ಫೊನ್ ಶ್ಟೌಪಿಟ್ಸ್ ಲೂಥರರ ದೃಷ್ಟಿಯನ್ನು ತನ್ನ ಪಾಪಗಳಿಂದ ಕ್ರಿಸ್ತನ ಗಾಯಗಳ ಕಡೆಗೆ ತಿರುಗಿಸಿದ್ದರು. ಆ ಋಣವನ್ನು ಅವರು ಕಡೆಯವರೆಗೂ ನೆನೆದರು.

ಸರ್ವಾಯುಧಗಳ ಅಧ್ಯಾಯವನ್ನು, ಎಂದರೆ ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು, ಯುವಕರ ಕೂಟಗಳಲ್ಲಿ ನಾವು ಒಂಟಿ ಸೈನಿಕನ ಚಿತ್ರ ಬಿಡಿಸಿ ಕಲಿಸುತ್ತೇವೆ. ನಡುಕಟ್ಟು, ಎದೆಕವಚ, ಕೆರ, ಗುರಾಣಿ, ಶಿರಸ್ತ್ರಾಣ, ಕತ್ತಿ. ಆದರೆ ಪೌಲನು ಅದನ್ನು ಒಬ್ಬನಿಗೆ ಬರೆಯಲಿಲ್ಲ, ಒಂದು ಸಭೆಗೆ ಬರೆದ. ಆಯುಧಗಳ ಪಟ್ಟಿ ಮುಗಿದ ಕೂಡಲೇ ಎಲ್ಲ ದೇವಜನರಿಗಾಗಿ ಪ್ರಾರ್ಥಿಸಿರಿ ಎನ್ನುತ್ತಾನೆ, ಅದರ ಬೆನ್ನಿಗೇ ನನಗಾಗಿಯೂ ಪ್ರಾರ್ಥಿಸಿರಿ ಎನ್ನುತ್ತಾನೆ. ಬೇಡಿ ತೊಟ್ಟ ಅಪೊಸ್ತಲನು ಧೈರ್ಯವಾಗಿ ಮಾತಾಡುವ ಶಕ್ತಿಗಾಗಿ ಎಫೆಸದ ಸಾಮಾನ್ಯ ಜನರ ಪ್ರಾರ್ಥನೆಯನ್ನು ಬೇಡುತ್ತಿದ್ದಾನೆ. ಆ ಎರಡು ವಚನಗಳನ್ನು ಬಿಟ್ಟು ಮೊದಲ ಭಾಗವನ್ನಷ್ಟೇ ಬೋಧಿಸಿದ್ದರಿಂದ ನಮ್ಮ ಮಕ್ಕಳಿಗೆ ನಷ್ಟವಾಗಿದೆ ಎಂದು ನನಗನ್ನಿಸುತ್ತದೆ.

1530ರಲ್ಲಿ ಕೋಬುರ್ಗ್ ಕೋಟೆಯಲ್ಲಿದ್ದಾಗ ಲೂಥರ್ ತಮ್ಮ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹಿಯೆರೋನಿಮಸ್ ವೆಲ್ಲರ್ ಎಂಬ ತರುಣನಿಗೆ ಪತ್ರ ಬರೆದರು. ವೆಲ್ಲರ್ ತೀರ ಖಿನ್ನನಾಗಿದ್ದ. ಒಬ್ಬನೇ ಇರಬೇಡ, ಸೈತಾನನೊಡನೆ ವಾದಕ್ಕೆ ಇಳಿಯಬೇಡ, ಜನರ ನಡುವೆ ಇರು, ಆಟವಾಡು, ನಗು ಎಂಬುದು ಬುದ್ಧಿವಾದ. ನಾಲ್ಕು ಗಂಟೆ ಉಪವಾಸ ಪ್ರಾರ್ಥನೆ ಮಾಡು ಎಂದು ಹೇಳದೆ ಜನರ ನಡುವೆ ಇರು ಎಂದ ಆ ಮಾತು ಕೆಲವರಿಗೆ ಹಗುರವೆನಿಸಬಹುದು. ನನಗೆ ಅದರಲ್ಲಿ ಅನುಭವಸ್ಥನ ಕರುಣೆ ಕಾಣುತ್ತದೆ. 1527ರ ಬೇಸಿಗೆಯಲ್ಲಿ ತನ್ನನ್ನು ಯಾವುದು ಉಳಿಸಿತೆಂದು ಅವರಿಗೆ ಗೊತ್ತಿತ್ತು.

ಈಗ ನಮ್ಮ ಸಭೆಗಳ ಕಡೆ ಬರುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಬಹುಮಟ್ಟಿಗೆ ವ್ಯುರ್ಟೆಂಬರ್ಗಿನ ಲೂಥರನ್ ಭಕ್ತಿಪಂಥದ ನೆಲದಲ್ಲಿ ಬೆಳೆದದ್ದು. ಹೆರ್ಮನ್ ಮೋಗ್ಲಿಂಗ್ ಆ ನಾಡಿನವರೇ. ಅವರು ಮತ್ತು ಅವರ ಜೊತೆಗಾರರು ಪತ್ರಿಕೆ, ನಿಘಂಟು, ಅಚ್ಚುಕೂಟಗಳೊಂದಿಗೆ ಜರ್ಮನ್ ಸಭೆಯ ಹಾಡುಗಳನ್ನೂ ಕನ್ನಡಕ್ಕೆ ತಂದರು. ನಾವು ಇಂದಿಗೂ ಹಾಡುವ ಹಳೆಯ ರಾಗಗಳಲ್ಲಿ ಹಲವು ಯುದ್ಧ, ಬರ, ಪಿಡುಗುಗಳ ನಡುವೆ ಹುಟ್ಟಿದವು. 46ನೆಯ ಕೀರ್ತನೆಯನ್ನು ಆಧರಿಸಿದ ಲೂಥರರ ಪ್ರಸಿದ್ಧ ಕೋಟೆಯ ಹಾಡು ಕೂಡ 1527 ಮತ್ತು 1529ರ ನಡುವೆ ರಚಿತವಾಯಿತೆಂದು ವಿದ್ವಾಂಸರು ಎಣಿಸುತ್ತಾರೆ. ಅದನ್ನು ವಿಜಯದ ಮೆರವಣಿಗೆಯ ಹಾಡಾಗಿ ಎತ್ತರದ ಸ್ವರದಲ್ಲಿ ಹಾಡುವಾಗ, ಆ ವರ್ಷಗಳು ಆ ಮನೆಗೆ ಏನನ್ನು ತಂದವು ಎಂಬುದನ್ನೂ ನೆನೆಯಬೇಕು. 1527ರ ಡಿಸೆಂಬರ್ 10ರಂದು ಕ್ಯಾಥರೀನಾ ಎಲಿಜಬೆತ್ ಎಂಬ ಹೆಣ್ಣುಮಗುವನ್ನು ಸುಖವಾಗಿ ಹೆತ್ತಳು. ಆ ಮಗು ಎಂಟು ತಿಂಗಳೂ ಬದುಕಲಿಲ್ಲ.

ಇಂಥ ಪರಂಪರೆಯ ಮಕ್ಕಳು ನಾವು. ಆದರೂ ನಮ್ಮಲ್ಲಿ ಯಾರಾದರೂ ತಿಂಗಳುಗಟ್ಟಲೆ ಪ್ರಾರ್ಥಿಸಲಾಗುತ್ತಿಲ್ಲ ಎಂದರೆ ಥಟ್ಟನೆ ಬರುವ ಉತ್ತರವೇನು? ನಂಬಿಕೆ ಕಡಿಮೆಯಾಗಿದೆ, ಯಾವುದೋ ಗುಪ್ತ ಪಾಪವಿದೆ, ಇನ್ನೂ ಗಟ್ಟಿಯಾಗಿ ಪ್ರಾರ್ಥಿಸು. ಈ ಮಾತು ಕೇಳಿ ಸಭೆಯಿಂದ ಮೆಲ್ಲಗೆ ದೂರ ಸರಿದವರನ್ನು ನಾನು ಬಲ್ಲೆ, ನೀವೂ ಬಲ್ಲಿರಿ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದವರಿಗೆ ಮೊದಲು ವೈದ್ಯರ ಹತ್ತಿರ ಹೋಗಲು ಜೊತೆಯಾಗಬೇಕು. ಆ ಜುಲೈ ಸಂಜೆ ಯೋನಾಸ್ ಪ್ರಾರ್ಥನೆಯನ್ನೂ ಮಾಡಿದರು, ಶೂರ್ಫ್‌ರನ್ನೂ ಕರೆಸಿದರು. ಒಂದು ಮಾಡಿದರೆ ಇನ್ನೊಂದು ಬೇಡವೆಂದು ಆ ಕೋಣೆಯಲ್ಲಿದ್ದ ಯಾರಿಗೂ ತೋಚಲಿಲ್ಲ. ದೇಹದ ರೋಗ, ಮನಸ್ಸಿನ ರೋಗ, ಆತ್ಮದ ಶೋಧನೆ ಇವುಗಳ ನಡುವೆ ಗೆರೆ ಎಳೆಯುವುದು ಹೊರಗಿನವರಿಗೆ ಸುಲಭ. ಅನುಭವಿಸುವವನಿಗೆ ಮೂರೂ ಒಟ್ಟಿಗೆ ಬಂದಿರುತ್ತವೆ, ಲೂಥರರಿಗೆ ಬಂದಂತೆ.

ಒಂದು ಎಚ್ಚರಿಕೆಯನ್ನು ಹೇಳದೆ ಈ ಮಾತು ಪೂರ್ಣವಾಗದು. ದೃಢತೆ ಎಲ್ಲ ಕಾಲಕ್ಕೂ ಪುಣ್ಯವಲ್ಲ. 1525ರಲ್ಲಿ ದಂಗೆಯೆದ್ದ ರೈತರನ್ನು ಹೊಡೆದುಹಾಕಿ ಎಂದು ಬರೆದವರೂ ಲೂಥರರೇ. 1543ರಲ್ಲಿ ಯೆಹೂದ್ಯರ ವಿರುದ್ಧ, ಅವರ ಸಭಾಮಂದಿರಗಳನ್ನು ಸುಡಬೇಕೆಂಬವರೆಗೆ, ಘೋರವಾದ ಪುಸ್ತಕ ಬರೆದವರೂ ಅವರೇ. 20ನೆಯ ಶತಮಾನದಲ್ಲಿ ನಾಜಿಗಳು ಅದನ್ನು ಸಂತೋಷದಿಂದ ಬಳಸಿಕೊಂಡರು. ಲೂಥರನ್ ಸಭೆಗಳು ಅದನ್ನು ಬಹಿರಂಗವಾಗಿ ತಿರಸ್ಕರಿಸಿವೆ, ನಾವೂ ತಿರಸ್ಕರಿಸಬೇಕು. ಆ ಬರಹಗಳಲ್ಲೂ ಅವರು ಅಲುಗಾಡದೆ ನಿಂತಿದ್ದರು ಎಂಬುದೇ ಭಯ ಹುಟ್ಟಿಸುತ್ತದೆ. 1527ರ ಲೂಥರರಿಗೂ ಆ ಲೂಥರರಿಗೂ ವ್ಯತ್ಯಾಸ ಹುಡುಕಿದರೆ ನನಗೆ ಕಾಣುವುದು ಇದು: ಪ್ಲೇಗಿನ ವರ್ಷದಲ್ಲಿ ಅವರ ದೃಢತೆ ನೆರೆಯವನ ಹಾಸಿಗೆಯ ಕಡೆ ನಡೆಯಿತು, ಬಲಹೀನನನ್ನು ಖಂಡಿಸಬೇಡಿ ಎಂದಿತು, ತನಗೂ ಕ್ಷಮೆ ಬೇಕೆಂದು ಬೇಡಿತು. ಇನ್ನೊಂದು ದೃಢತೆಗೆ ನೆರೆಯವನು ಕಾಣಲೇ ಇಲ್ಲ. ಶೋಧನೆಯ ಕಾಲದಲ್ಲಿ ನಾವು ಕ್ರಿಸ್ತನಲ್ಲಿ ನಿಂತಿದ್ದೇವೋ ನಮ್ಮ ಹಟದಲ್ಲಿ ನಿಂತಿದ್ದೇವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ.

1546ರ ಫೆಬ್ರವರಿ 18ರಂದು ಐಸ್‌ಲೇಬೆನ್‌ನಲ್ಲಿ ಲೂಥರ್ ತೀರಿಕೊಂಡಾಗ ಹಾಸಿಗೆಯ ಪಕ್ಕದಲ್ಲಿದ್ದವರಲ್ಲಿ ಯೋನಾಸ್ ಒಬ್ಬರು. ಕ್ರಿಸ್ತನಲ್ಲಿಯೂ ತಾವು ಬೋಧಿಸಿದ್ದರಲ್ಲಿಯೂ ಸ್ಥಿರವಾಗಿದ್ದು ಸಾಯುತ್ತೀರಾ ಎಂದು ಅಲ್ಲಿ ಅವರನ್ನು ಕೇಳಿದರು, ಹೌದು ಎಂದರು. ಶವಸಂಸ್ಕಾರದಲ್ಲಿ ಪ್ರಸಂಗ ಮಾಡಿದವರು ಬುಗೆನ್‌ಹಾಗೆನ್. ತಣ್ಣೀರು ಸುರಿದವರು, ಕ್ಷಮೆಯ ಮಾತು ಹೇಳಿದವರು ಹತ್ತೊಂಬತ್ತು ವರ್ಷ ಬಿಟ್ಟುಹೋಗಿರಲಿಲ್ಲ. ನಾನು ಸಭೆಯ ಹಿರಿಯರಲ್ಲಿ ಕೇಳಿಕೊಳ್ಳುವುದು ಇದನ್ನೇ. ಕಾಣಿಕೆಯ ಲೆಕ್ಕ, ಕಟ್ಟಡದ ಲೆಕ್ಕ, ಸದಸ್ಯರ ಪಟ್ಟಿ ನಿಮ್ಮಲ್ಲಿ ಚೆನ್ನಾಗಿವೆ. ಈ ವರ್ಷ ಕರ್ತನ ಭೋಜನಕ್ಕೆ ಬಾರದೆ ನಿಂತವರ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ. ಯಾಕೆ ಬರಲಿಲ್ಲ ಎಂದು ಕೇಳಲು ಹೋಗಬೇಡಿ. ಒಬ್ಬೊಬ್ಬರ ಮನೆಗೆ ಇಬ್ಬಿಬ್ಬರು ಹೋಗಿ, ಕೂತು, ಅವರು ಮಾತಾಡಿದರೆ ಕೇಳಿ, ಆಡದಿದ್ದರೆ ಅವರ ಬದಲಿಗೆ ನೀವು ಪ್ರಾರ್ಥಿಸಿ, ಮುಂದಿನ ವಾರ ಮತ್ತೆ ಹೋಗಿ.